ಹೊಸದು ಬರುವ ತನಕ

ಚೌಡಯ್ಯ ಗರಗಸದ ಮಿಷನ್ನಿಗೆ ಪೆಟ್ರೋಲು ಸುರಿಯುತ್ತಿದ್ದಾಗ ಮಂಚಮ್ಮ ಹಿತ್ತಲಿಗೆ ಬಂದು ಹುಣಸೆ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು. ಜಗಳಕ್ಕೆ ನಿಂತವಳ ಹಾಗಲ್ಲ, ಅವರೆಕಾಯಿ ಸುಲಿಯಲು ಕೂತವಳ ಹಾಗೆ. ಮೊರವೂ ತೊಡೆಯ ಮೇಲಿತ್ತು.

ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಒಂದು ಕಡ್ಡಿ ತಂದಿಟ್ಟಿತೆಂದರೆ ಆಮೇಲೆ ಆ ಮರಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಬಾಣಂತನಕ್ಕೆ ಬಂದ ಮಗಳನ್ನು ಎಬ್ಬಿಸಿ ಕಳಿಸುವುದುಂಟೆ? ಅದು ಮಂಚಮ್ಮನ ಮಗ ಶಿವರಾಜುವಿಗೂ ಗೊತ್ತು. ಅದಕ್ಕೇ ಕೊಕ್ಕರೆಗಳು ಬರುವ ಹತ್ತು ದಿನ ಮುಂಚೆ, ಕೊಂಬೆಗಳು ಖಾಲಿ ಇರುವಾಗಲೇ, ಚೌಡಯ್ಯನನ್ನು ಕರೆಸಿದ್ದ. ಮದ್ದೂರಿನ ಆಫೀಸಿಗೆ ಹೋಗಿಬರಲು ಕೊಂಡ ಬಿಳಿ ಕಾರು ಹಿತ್ತಲ ಬೇಲಿಯ ಪಕ್ಕ ನಿಂತಿತ್ತು. ಮರ ತೆಗೆದ ಜಾಗದಲ್ಲಿ ಅದಕ್ಕೊಂದು ಶೆಡ್ಡು ಆಗಬೇಕು. ಮೇಲಿಂದ ಹಿಕ್ಕೆ ಬಿದ್ದರೆ ಕಾರಿನ ಬಣ್ಣ ಉಳಿಯುವುದಿಲ್ಲ.

"ಏಳವ್ವ. ಮುದಿ ಮರ. ಒಳಗೆಲ್ಲ ಪೊಟ್ರೆ ಬಿದ್ದದೆ," ಅಂದ ಶಿವರಾಜು.

"ಉಣ್ಸೆ ಮುಪ್ಪಾದ್ರೆ ಉಳಿ ಮುಪ್ಪಾದದಾ? ಓದ್ ವರ್ಸ ಅದಿನೇಳು ಗೂಡಿದ್ವು ಕಣ್ಲಾ."

ಶಿವರಾಜು ಮೊಬೈಲು ತೆಗೆದು ಅವಳ ಮುಖಕ್ಕೆ ಹಿಡಿದ. "ನೋಡಿಲ್ಲಿ. ಅದ್ಯಾವುದೋ ದೇಸದ ಅಧ್ಯಕ್ಸನ ಇಮಾನ. ಚೆನ್ನಾಗೇ ಆರ್ತಾ ಅದೆ, ಆದ್ರೂ ಅಳೇದಾಯ್ತು ಅಂತ ಬದ್ಲಾಯಿಸ್ತಾವ್ರೆ. ಸಾವ್ರಾರು ಕೋಟಿ! ದೇಸ ಆಳೋನೇ ಬದ್ಲಾಯಿಸ್ತಾನೆ, ನಾನೊಂದು ಮರ ತೆಗೆಸಬಾರ್ದಾ?"

"ತಾ ಇಲ್ಲಿ." ಮಂಚಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಒಂದು ಗಳಿಗೆ ಅವಳಿಗೆ ಮರವೇ ಮರೆತುಹೋಯಿತು. "ಒಸದ್ರೊಳಗೆ ಏನೇನದೆ?"

"ಮಲಗೋ ರೂಮು, ಮೀಟಿಂಗ್ ರೂಮು, ಆಪ್ರೇಸನ್ ಮಾಡೋ ಟೇಬಲ್ಲು..."

"ಅಡ್ಗೆಮನೆ?"

"ಎರಡವೆ."

"ಒಲೆ ಒಗೆ ಎಲ್ಲಿಗೋಯ್ತದ್ಲಾ?"

ಚೌಡಯ್ಯನಿಗೆ ನಗು ತಡೆಯಲಾಗಲಿಲ್ಲ. "ಮಂಚಕ್ಕ, ಮುದ್ದೆ ತಿರುವೋಕೆ ಅಲ್ಲೇನು ಸೌದೆ ಒಲೆ ಮಡಗವ್ರಾ?"

"ನೀ ಸುಮ್ಕಿರಪ್ಪ. ಶಿವ, ಇದ್ಕೆ ಬಣ್ಣ ಯಾಕೆ ಬಳ್ದಿಲ್ಲ?"

"ಮೊದ್ಲು ಕಡುನೀಲಿ ಅಂದ್ಕಂಡಿದ್ರಂತೆ. ಬಿಸ್ಲಿಗೆ ಒಳಗಿನ ಮಿಷನ್ನೆಲ್ಲ ಕಾಯ್ತವೆ ಅಂತ ಬುಟ್ರಂತೆ."

"ಕಪ್ಪು ಸೀರೆ ಉಟ್ಕಂಡು ಗದ್ದೆಗೋದ್ರೆ ಬೆನ್ನು ಬೇಯ್ತದೆ. ಅಷ್ಟು ಓದಿದೋರ್ಗೆ ಅದು ಗೊತ್ತಾಗ್ಲಿಲ್ವಾ?" ಬೆರಳಲ್ಲಿ ಪರದೆ ತೋರಿಸಿದಳು. "ಇಲ್ಲಿ ಎರಡವೆ. ಒಬ್ಬನಿಗೆ ಎರಡ್ಯಾಕೆ?"

"ಒಂದು ಕೆಟ್ರೆ ಇನ್ನೊಂದಿರ್ಲಿ ಅಂತ."

ಅದು ಮಂಚಮ್ಮನಿಗೆ ಒಪ್ಪಿಗೆಯಾಯಿತು. "ಯಾವಾಗ ಬತ್ತವಂತೆ?"

"ಅದೇ ಗೋಳು. ವರ್ಸಗಟ್ಲೆಯಿಂದ ಇವತ್ತು ನಾಳೆ ಅಂತವ್ರೆ. ಆರ್ಡರು ಕೊಟ್ಟೋನು ಕುರ್ಚಿ ಬುಟ್ಟು ಇಳ್ದೋದ್ರೂ ಬರ್ಲಿಲ್ಲ."

"ಅಲ್ಲೀಗಂಟ?"

"ಅಳೇದ್ರಲ್ಲೇ ಓಡಾಡ್ತಾರೆ. ಇನ್ನೇನು, ಒಸದು ಬರೋಗಂಟ ಅದ್ನ ಮುರಿದಾಕಿ ನಡ್ಕಂಡೋಗಕ್ಕಾದದಾ?"

ಮಂಚಮ್ಮ ನಾಲ್ಕು ಕಾಯಿ ಸುಲಿದಳು. ಆಮೇಲೆ ಮೊರ ಕೆಳಗಿಟ್ಟು ಮಂಡಿ ಹಿಡಿದು ಎದ್ದು ಒಳಗೆ ಹೋದಳು. ದಾರಿ ಬಿಟ್ಟಳು ಅಂದುಕೊಂಡ ಚೌಡಯ್ಯ ಮಿಷನ್ನು ಚಾಲೂ ಮಾಡುವ ದಾರಕ್ಕೆ ಕೈ ಹಾಕಿದ. ಅಷ್ಟರಲ್ಲಿ ಅವಳು ಒಂದು ಹಿಡಿ ಹುಣಸೆ ಬೀಜ, ಒಂದು ಚೊಂಬು ನೀರು ಹಿಡಿದು ಬಂದಳು.

"ಚೌಡಯ್ಯ, ಅದ್ನ ಪಕ್ಕಕ್ಕೆ ಮಡಗು. ಗುದ್ಲಿ ತಕ್ಕೊ. ಒಸ ಮರ ನೆಡಾನ. ಅದ್ರಲ್ಲಿ ಕೊಕ್ಕರೆ ಒಂದು ಕಡ್ಡಿ ಇಟ್ಟ ದಿನ ಈ ಅಳೇದ್ನ ಕೆಡವು. ಬೇಕಾದ್ರೆ ನಾನೇ ಅಗ್ಗ ಇಡ್ಕಂಡು ಎಳೀತೀನಿ."

"ಅಷ್ಟೊತ್ಗೆ ನೀನಿರ್ತೀಯಾ, ನಾನಿರ್ತೀನಾ ಮಂಚಕ್ಕ?"

"ಆರ್ಡರು ಕೊಟ್ಟೋನು ಇರ್ಲೇಬೇಕು ಅಂತ ಎಲ್ಲದೆ? ನನ್ ಮಗನ್ನ ಕೇಳು."

ಶಿವರಾಜು ಮರದ ಹತ್ತಿರ ಬಂದ. ಕತ್ತೆತ್ತಿ ನೋಡಿದ. ಮೇಲಿನ ಕವಲಿನಲ್ಲಿ ಹೋದ ವರ್ಷದ ಗೂಡಿನ ನಾಲ್ಕು ಕಡ್ಡಿ ಇನ್ನೂ ಸಿಕ್ಕಿಕೊಂಡಿದ್ದವು. "ತೋಡು ಚೌಡಣ್ಣ," ಅಂದ ಮೆಲ್ಲಗೆ.

ಗುಂಡಿಯಾಯಿತು. ಮಂಚಮ್ಮ ಮೂರು ಬೀಜ ಹಾಕಿ ಮಣ್ಣು ಎಳೆದು, ಅರ್ಧ ಚೊಂಬು ನೀರು ಬಿಟ್ಟು, ಉಳಿದರ್ಧವನ್ನು ಹಾಗೇ ಹಿಡಿದು ನಿಂತಳು.

"ಇನ್ನೊಂದು ತೋಡು."

"ಇನ್ನೊಂದ್ಯಾಕವ್ವ?"

"ನೀನೇ ಅಂದ್ಯಲ್ಲ. ಒಂದು ಕೆಟ್ರೆ ಇನ್ನೊಂದು."

ಶಿವರಾಜುವಿಗೆ ನಗು ಬಂತು. ಚೌಡಯ್ಯನ ಕೈಯಿಂದ ಗುದ್ದಲಿ ತಾನೇ ತೆಗೆದುಕೊಂಡ. "ಎಲ್ಲಿ ತೋಡ್ಲಿ, ತೋರ್ಸು."

ಮಂಚಮ್ಮ ಹಿತ್ತಲನ್ನೆಲ್ಲ ಒಂದು ಸಲ ಕಣ್ಣಲ್ಲೇ ಅಳೆದಳು. ಹಳೆಯ ಮರದ ನೆರಳು ಬೀಳದೆ, ಬೆಳಗಿನಿಂದ ಬೈಗಿನವರೆಗೆ ಬಿಸಿಲು ಕಾಣುವ ಜಾಗ ಇನ್ನು ಒಂದೇ ಒಂದು ಉಳಿದಿತ್ತು. ಅಲ್ಲಿ ಬಿಳಿ ಕಾರು ಥಳಥಳ ಹೊಳೆಯುತ್ತಾ ನಿಂತಿತ್ತು.