ಬಳೆ ಕದ್ದವರಿಗೆ

ಬಳೆ ಕದ್ದವಳು ಬಂಡಿಯ ಹಿಂದೆಯೇ ನಡೆದು ಬರುತ್ತಿದ್ದಾಳೆ ಎಂಬುದರಲ್ಲಿ ಬೆಲೇಟರನಿಗೆ ಸಂಶಯವಿರಲಿಲ್ಲ. ಮನೆಯ ಆಳು ಮಟ್ಟೋನ. ಬಳೆಯ ಮಾತೆತ್ತಿದರೆ ಸಾಕು, ನೆಲ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಬಂಡಿಯೊಳಗೆ ಹೆಂಡತಿ ವೆಲ್ವಿನ್ನ ಕೆಮ್ಮುತ್ತಿದ್ದಳು. ಚಳಿಗಾಲದಿಂದ ಕೆಮ್ಮಿನಲ್ಲಿ ರಕ್ತ ಬೀಳುತ್ತಿತ್ತು. ರೋಮನ್ನರ ಕಲ್ಲುದಾರಿ ಹಿಡಿದು ಬಿಸಿನೀರಿನ ಊರಿಗೆ ಹೋಗಿ, ಸುಲಿಸ್ ದೇವಿಯ ನೀರಿನಲ್ಲಿ ಮಿಂದು ಸಂಜೆಗೆ ಮರಳುವುದೆಂದು ಎಲ್ಲರೂ ಹೊರಟಿದ್ದರು. ಅವಳ ಕೈ ಬರಿದಾಗಿತ್ತು. ಮದುವೆಯ ದಿನ ಅವನೇ ತೊಡಿಸಿದ ಬೆಳ್ಳಿ ಬಳೆ, ಅವಳಿಗೆ ಪ್ರಾಣ.

ಮಗಳು ಲೋವೆರ್ನ ಹೊದಿಕೆಯ ತುದಿಯ ಗಂಟನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು.

"ಹುರಿದ ಬೀಜ ಬಚ್ಚಿಟ್ಕೊಂಡಿದ್ದೀಯೇನೇ ನರಿಮರಿ? ಅಪ್ಪಂಗೊಂದು ಕೊಡೇ."

"ಕೊಡಲ್ಲ. ಅಪ್ಪಾ, ಬಳೆ ಹೋದ್ರೆ ಹೋಗ್ಲಿ ಬಿಡು. ಅಮ್ಮ ವಾಸಿಯಾದ್ರೆ ಸಾಕಲ್ವಾ?"

"ಅದು ಹೇಗೆ ಬಿಡೋಕಾಗತ್ತೆ?"

ಗುಡಿಯಲ್ಲಿ ಮಟ್ಟೋನ ಲೋವೆರ್ನಳ ಕೈಹಿಡಿದು ಬುಗ್ಗೆಯ ಕಟ್ಟೆಯತ್ತ ಹೋದಳು. ಬೆಲೇಟರ್ ನೇರವಾಗಿ ಕಳ್ಳರಿಗೆ ಶಾಪ ಬರೆದುಕೊಡುವ ಮುದುಕನ ಮುಂದೆ ಕುಳಿತ.

"ಬರಿಯಯ್ಯ. ನನ್ನ ಹೆಂಡ್ತಿ ಬೆಳ್ಳಿ ಬಳೆ ಕಳುವಾಗಿದೆ. ಕಳ್ಳಿ ಹೆಸರು ಮಟ್ಟೋನ."

ವೆಲ್ವಿನ್ನ ಅವನ ತೋಳು ಹಿಡಿದಳು. "ಕಣ್ಣಾರೆ ಕಂಡಿದ್ದೀಯಾ? ಆ ಹುಡುಗೀನೂ ಯಾರೋ ಹೆತ್ತ ಮಗಳೇ. ಹೆಸರು ಬೇಡ."

"ಹೆಸರಿಲ್ಲದಿದ್ರೂ ದೇವಿಗೆ ಗೊತ್ತಾಗತ್ತೆ, ಯಜಮಾನ್ರೇ" ಎಂದ ಮುದುಕ. ಸೀಸದ ತಗಡಿನ ಮೇಲೆ ಗೀರಿ, ಓದಿ ಹೇಳಿದ: 'ಗಂಡಾಗಲಿ ಹೆಣ್ಣಾಗಲಿ, ಒಡೆಯರಾಗಲಿ ಆಳಾಗಲಿ, ಹುಡುಗನಾಗಲಿ ಹುಡುಗಿಯಾಗಲಿ, ಈ ಬಳೆ ಕದ್ದವರು ಮುಂದಿನ ವಸಂತ ಕಾಣದಿರಲಿ.'

"ಆಮೇಲೆ ಮನಸ್ಸು ಕರಗಿದ್ರೆ?" ವೆಲ್ವಿನ್ನ ಕೇಳಿದಳು.

"ನೀರಿಗೆ ಬಿದ್ದದ್ದು ದೇವಿದು ತಾಯಿ. ಅವಳು ವಾಪಸ್ ಕೊಡೋಲ್ಲ."

ಬೆಲೇಟರ್ ತಗಡನ್ನು ಮಡಚಿ ಬುಗ್ಗೆಗೆ ಎಸೆದ. ಹಬೆಯೊಳಗೆ ಅದು ಕಾಣದಾಯಿತು. ಎಷ್ಟೋ ದಿನದ ಮೇಲೆ ಅವನ ಎದೆ ಹಗುರಾಯಿತು. ಕಟ್ಟೆಯ ಬಳಿ ಮಟ್ಟೋನ ಮಂಡಿಯೂರಿ, ಒಡತಿಗಾಗಿ ಬೇಡಿಕೊಳ್ಳುತ್ತ ಅಳುತ್ತಿದ್ದಳು. ಅಳಲಿ, ಇನ್ನೂ ಅಳುವುದಿದೆ ಎಂದುಕೊಂಡ.

ಪಕ್ಕದಲ್ಲಿ ಲೋವೆರ್ನ ಗಂಟು ಬಿಚ್ಚಿದಳು. ನೀರಿನಲ್ಲಿ ಏನೋ ಗುಳುಕ್ಕೆಂದಿತು.

"ಅಯ್ಯೋ ನರಿಮರಿ, ನಂಗೂ ಕೊಡ್ದೆ ಬೀಜಾನೆಲ್ಲ ದೇವಿಗೇ ಹಾಕ್ಬಿಟ್ಯಾ?"

ಬಿದ್ದ ಹಲ್ಲಿನ ಜಾಗ ತೋರಿಸುತ್ತ ಮಗಳು ನಕ್ಕಳು. "ಬೀಜ ಅಲ್ಲಪ್ಪ, ಅಮ್ಮನ ಬಳೆ! ಪ್ರಾಣದಂಥದ್ದು ಕೊಟ್ರೆ ದೇವಿ ಪ್ರಾಣ ಉಳಿಸ್ತಾಳಂತೆ, ಅದಕ್ಕೇ ನಾನೇ ಕದ್ದಿಟ್ಟಿದ್ದೆ."