ಮುಟ್ಟದೆ ಗುರುತಿಸಿ

“ಕೈ ಹಿಂದಕ್ಕೆ ತಗಳಮ್ಮ. ಕಣ್ಣಲ್ಲಿ ನೋಡಿ ಬರಿ.”

ಜೀವಶಾಸ್ತ್ರದ ಉಪನ್ಯಾಸಕ ಸತೀಶ್ ಕುಮಾರ್ ಹಾಗೆ ಹೇಳಿದ್ದು ದ್ವಿತೀಯ ಪಿಯು ಓದುತ್ತಿದ್ದ ಅರ್ಪಿತಾಗೆ. ಜಗಳೂರಿನ ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿ, ಡಿಸೆಂಬರಿನ ಒಂದು ಶನಿವಾರ, ಮುಚ್ಚಳ ಹಾಕಿದ ಗಾಜಿನ ಬಟ್ಟಲುಗಳು ಮೇಜಿನುದ್ದಕ್ಕೂ ಸಾಲಾಗಿದ್ದವು. ನವಣೆ, ಸಜ್ಜೆ, ಹುಚ್ಚೆಳ್ಳು, ಔಡಲ, ಯೂರಿಯಾ, ಪೊಟ್ಯಾಷ್. ಕೃಷಿ ವಿಶ್ವವಿದ್ಯಾಲಯದಲ್ಲಿ ರೈತರ ಮಕ್ಕಳ ಕೋಟಾದಡಿ ಸೀಟು ಬೇಕಾದರೆ ಸಿಇಟಿ ಅಂಕವೊಂದೇ ಸಾಲದು; ಬೀಜ, ಗೊಬ್ಬರ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯ ಅಂಕವೂ ಸೇರುತ್ತದೆ. ಅದಕ್ಕಾಗಿ ಈ ತಾಲೀಮು. ಅಲ್ಲಿ ಮುಟ್ಟಲು ಬಿಡುತ್ತಾರೋ ಇಲ್ಲವೋ ತನಗೆ ಖಚಿತವಿಲ್ಲ, ಬಿಡುವುದಿಲ್ಲ ಎಂದುಕೊಂಡೇ ತಯಾರಾಗುವುದು ಒಳ್ಳೆಯದು ಎಂದು ಸತೀಶ್ ಕುಮಾರ್ ಮೊದಲೇ ತಿಳಿಸಿ, ಮೇಜಿನ ಮುಂದೆ ಅಡ್ಡಲಾಗಿ ಬೆಂಚೊಂದನ್ನು ಇರಿಸಿದ್ದರು.

ಹಿಂದಿನ ತಾಲೀಮುಗಳಲ್ಲಿ ಬಟ್ಟಲುಗಳಿಗೆ ಮುಚ್ಚಳ ಇರಲಿಲ್ಲ. ಆಗೆಲ್ಲ ಅರ್ಪಿತಾಳದೇ ಮೊದಲ ಸ್ಥಾನ. ಒಂದು ಚಿಟಿಕೆ ಎತ್ತಿ ಬೆರಳ ನಡುವೆ ಉಜ್ಜಿದರೆ ಸಾಕು, ಉತ್ತರ ಬರೆದು ಮುಂದಕ್ಕೆ ಹೋಗುತ್ತಿದ್ದಳು. ಈ ಸಲ ಬೆಂಚಿನ ಮೇಲೆ ಬಾಗಿದಳು, ಕಣ್ಣು ಕಿರಿದು ಮಾಡಿದಳು, ನೆಟ್ಟಗೆ ನಿಂತಳು. ಕೊನೆಯ ಬಟ್ಟಲು ದಾಟಿದಾಗಲೂ ಅವಳ ಹಾಳೆಯಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಹುಷಾರಿಲ್ಲವೇ ಎಂದು ಉಪನ್ಯಾಸಕರು ಕೇಳಿದರು. ಉತ್ತರ ಬಂದದ್ದು ಹಿಂದೆ ನಿಂತಿದ್ದ ಧನುಶ್ರೀಯಿಂದ.

“ಅವಳಿಗೆ ದೂರದ್ದು ಕಾಣಲ್ಲ ಸರ್.”

“ಸುಮ್ನಿರೇ,” ಎಂದಳು ಅರ್ಪಿತಾ.

“ಎಷ್ಟು ದಿನ ಸುಮ್ನಿರ್ಲಿ? ಬೋರ್ಡಾದ್ರೆ ಓದಿ ಹೇಳಬೋದು. ಅಲ್ಲಿ ನಿನ್ನ ಪಕ್ಕ ಯಾರು ನಿಂತಿರ್ತಾರೆ?”

ಆಮೇಲೆ ಒಂದೊಂದಾಗಿ ಹೊರಬಂತು. ಇಬ್ಬರೂ ಬಿಳಿಚೋಡಿನವರು, ಒಂದೇ ಬಸ್ಸಿಗೆ ಬರುವವರು. ಪಿಯು ಸೇರಿದ ದಿನದಿಂದ ಬೋರ್ಡಿನ ಮೇಲಿನ ಪ್ರತಿ ಸಾಲನ್ನೂ ಧನುಶ್ರೀ ಪಿಸುದನಿಯಲ್ಲಿ ಓದುತ್ತಿದ್ದಳು, ಅರ್ಪಿತಾ ಬರೆದುಕೊಳ್ಳುತ್ತಿದ್ದಳು. ಚಿತ್ರವಿದ್ದರೆ ಧನುಶ್ರೀ ಮೊದಲು ತಾನು ಬಿಡಿಸಿ ಪುಸ್ತಕವನ್ನು ಪಕ್ಕಕ್ಕೆ ಸರಿಸುವಳು. ಪಾಠದ ನಡುವೆ ಮಾತಾಡುತ್ತಾಳೆಂದು ಸತೀಶ್ ಕುಮಾರ್ ಅವರೇ ಅವಳಿಗೆ ‘ರೇಡಿಯೋ’ ಎಂದು ಹೆಸರಿಟ್ಟಿದ್ದರು. ಬೇರೆ ಬೆಂಚಿಗೂ ಕಳಿಸಿದ್ದರು. ಮರುದಿನ ಅವಳು ಮತ್ತೆ ಅರ್ಪಿತಾಳ ಪಕ್ಕದಲ್ಲೇ ಇರುತ್ತಿದ್ದಳು. ಕಾರಣ ಮಾತ್ರ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಹೀಗೆ ಕಿವಿಯಲ್ಲಿ ಕೇಳಿ ಬರೆದುಕೊಂಡ ಹುಡುಗಿ ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ತರಗತಿಗೆ ಮೂರನೆಯವಳಾಗಿದ್ದಳು. ಓದಿ ಹೇಳಿದವಳು ನಾಲ್ಕನೆಯವಳು.

ಮುಚ್ಚಿಟ್ಟದ್ದೇಕೆ ಎಂಬ ಪ್ರಶ್ನೆಗೆ ಅರ್ಪಿತಾ ನೆಲ ನೋಡುತ್ತ ಉತ್ತರಿಸಿದಳು. ಅವಳ ಸೋದರಮಾವ ಮಾರುತೇಶ್ ಪೊಲೀಸ್ ನೇಮಕಾತಿಯಲ್ಲಿ ಓಟ, ಜಿಗಿತ ಎಲ್ಲ ಗೆದ್ದು, ಕಡೆಗೆ ದೃಷ್ಟಿ ಸಾಲದೆಂದು ಮನೆಗೆ ಮರಳಿದ್ದ. ಸರ್ಕಾರಿ ಸೀಟಿಗೂ ಹಾಗೇ ಕಣ್ಣು ನೋಡುತ್ತಾರೆ, ಕನ್ನಡಕ ಹಾಕಿದರೆ ಸಿಕ್ಕಿಬೀಳುತ್ತೇನೆ ಎಂಬುದು ಅವಳ ಲೆಕ್ಕ.

ಸತೀಶ್ ಕುಮಾರ್ ತಮ್ಮ ದಪ್ಪ ಗಾಜಿನ ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿದರು.

“ಅದು ಪೊಲೀಸ್ ಕೆಲಸ ಕಣಮ್ಮ. ಡಿಗ್ರಿ ಓದಾಕೆ ಬರೋರು ಕನ್ನಡಕ ಹಾಕಬಾರ್ದು ಅಂತ ಎಲ್ಲೂ ಇಲ್ಲ. ನಾನು ಎಂಎಸ್ಸಿ ಹೆಂಗೆ ಮಾಡ್ದೆ ಅಂದ್ಕಂಡೆ?”

ಸೋಮವಾರ ಅವಳ ತಾಯಿ ಜ್ಯೋತಿಲಕ್ಷ್ಮಿ ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಬಂದರು. ಮಗಳು ಪುಸ್ತಕವನ್ನು ಮೂಗಿಗೆ ಒತ್ತಿಕೊಂಡು ಓದುವುದನ್ನು ಅವರು ವರ್ಷಗಳಿಂದ ನೋಡಿದ್ದರು. ಓದಿನ ಮೇಲಿನ ಪ್ರೀತಿ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದರು. ಎರಡು ಕಣ್ಣಿಗೂ ಕನ್ನಡಕದ ನಂಬರು ಮೈನಸ್ ಆರರ ಆಸುಪಾಸು ಬಂತು. ಇಷ್ಟು ದಿನ ಹೇಗೆ ನಿಭಾಯಿಸಿದಳೆಂದು ಪರೀಕ್ಷಿಸಿದವರೇ ಬೆರಗಾದರು.

ಕನ್ನಡಕ ಬಂದ ಮೇಲಿನ ತಾಲೀಮಿನಲ್ಲಿ ಅರ್ಪಿತಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ತಪಾಸಣೆಗೆ ಬಂದ ಅಧಿಕಾರಿಯಂತೆ ಮೇಜಿನುದ್ದಕ್ಕೂ ನಡೆದಳು. ನವಣೆಯ ಮುಂದೆ ಕೊಂಚ ತಡೆದಳು. ಮನೆಯ ಹೊಲದಲ್ಲಿ ಬೆಳೆದದ್ದೇ. ಇಷ್ಟು ದೂರದಿಂದ ನೋಡಿದ್ದು ಮಾತ್ರ ಇದೇ ಮೊದಲು. ಒಂದನ್ನು ಬಿಟ್ಟು ಅವಳ ಉತ್ತರಗಳೆಲ್ಲ ಸರಿಯಾಗಿದ್ದವು. ಧನುಶ್ರೀಯವು ಮೂರು ತಪ್ಪಿದವು.

ಮರುವಾರ ಸತೀಶ್ ಕುಮಾರ್ ತರಗತಿಗೆ ಬಂದಾಗ ಅರ್ಪಿತಾಳ ಪಕ್ಕದ ಜಾಗ ಖಾಲಿ ಇತ್ತು. ಧನುಶ್ರೀ ತಾನಾಗಿಯೇ ಕೊನೆಯ ಬೆಂಚಿಗೆ ಹೋಗಿ ಕೂತಿದ್ದಳು. ಜಗಳವಾಯಿತೇ ಎಂದು ವಿಚಾರಿಸಿದರು.

“ಜಗಳ ಏನಿಲ್ಲ ಸರ್. ಅವಳಿಗೆ ಓದಿ ಹೇಳ್ತಾ ನಾನು ಅರ್ಧ ಪಾಠ ಕೇಳಿಸ್ಕಂಡೇ ಇಲ್ಲ. ನನಗೂ ಅದೇ ಸೀಟು ಬೇಕಲ್ಲ.”

ಹುಡುಗರು ನಕ್ಕರು. ಅರ್ಪಿತಾ ಹಿಂದಕ್ಕೆ ತಿರುಗಿದಳು. ಅಷ್ಟು ದೂರದಿಂದ ಗೆಳತಿಯ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ. ಒಂದು ಗಳಿಗೆ ಹಾಗೇ ನೋಡಿದಳು. ಧನುಶ್ರೀ ದನಿಯಿಲ್ಲದೆ ತುಟಿಯಲ್ಲೇ ಏನೋ ಅಂದಳು. ಅರ್ಪಿತಾ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಇಟ್ಟಳು.

ಸತೀಶ್ ಕುಮಾರ್ ಈ ಸಲ ‘ರೇಡಿಯೋ’ವನ್ನು ಗದರಲಿಲ್ಲ; ಬೋರ್ಡಿನ ಕಡೆ ತಿರುಗಿ, ಎಂದಿಗಿಂತ ನಿಧಾನವಾಗಿ ಬರೆಯತೊಡಗಿದರು.