ಅಕ್ಕನ ಕಡೆ

ಸ್ವಿಚ್ ಒತ್ತಿದರೂ ಪರದೆ ಕಪ್ಪಾಗಿಯೇ ಉಳಿಯಿತು. ಮೇಲಿನ ಮೂಲೆಯಲ್ಲಿ ಇಂಗ್ಲಿಷಿನ ಒಂದೇ ಒಂದು ಸಾಲು: ಅಂಥ ಭಾಗ ಇಲ್ಲ. ಕಂಪ್ಯೂಟರ್ ರಿಪೇರಿಯವಳು ತಲೆಯೆತ್ತಿ ಮನೆಯಾಕೆಯ ಮುಖ ನೋಡಿದಳು. “ಇದರಲ್ಲಿ ಎರಡು ಸಿಸ್ಟಂ ಇದ್ವು, ಒಂದೇ ಸೈಟಲ್ಲಿ ಎರಡು ಮನೆ ಇದ್ದ ಹಾಗೆ. ಒಂದನ್ನ ಯಾರೋ ಅಳಿಸಿದ್ದಾರೆ.”

“ನಾನೇ,” ಎಂದಳು ಮನೆಯಾಕೆ. “ನನ್ನದು ವಿಂಡೋಸು. ಇನ್ನೊಂದು ಲಿನಕ್ಸು, ಅದು ನಮ್ಮಕ್ಕಂದು. ಪ್ರೆಸ್ಸಿಗೆ ಪುಸ್ತಕ ಟೈಪ್ ಮಾಡಿಕೊಡ್ತಿದ್ಲು. ಅವಳು ತೀರಿಹೋದ ಮೇಲೆ ಈ ಮನೆಗೆ ನಾನೇ ಬಂದೆ. ಭಾವ ಅಂತಿದ್ದೋರನ್ನ ಈಗ ರೀ ಅಂತೀನಿ.” ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. “ಬೆಳಗ್ಗೆ ಇವರು ಆಫೀಸಿಗೆ ಹೋದ ಮೇಲೆ ಅವಳ ಭಾಗ ತೆಗೆದುಹಾಕಿದೆ. ಈಗ ನೋಡಿದ್ರೆ ನನ್ನದೂ ಬರ್ತಿಲ್ಲ. ಸೋಪಿನ ಪೊಟ್ಟಣದ ಡಿಸೈನು ಸಂಜೆಯೊಳಗೆ ಕಳಿಸ್ಬೇಕು.”

“ಬರೋದು ಹೇಗೆ? ಆನ್ ಮಾಡಿದ ತಕ್ಷಣ ಇಬ್ಬರಿಗೂ ಬಾಗಿಲು ತೆಗೆಯೋ ಮೆನು ನಿಮ್ಮಕ್ಕನ ಭಾಗದಲ್ಲೇ ಇತ್ತು. ಅವರ ಮನೆ ಕೆಡವೋವಾಗ ನಿಮ್ಮ ಬೀಗದ ಕೈನೂ ಮಣ್ಣುಪಾಲು ಮಾಡಿದ್ದೀರಿ.” ರಿಪೇರಿಯವಳು ಪೆನ್‌ಡ್ರೈವ್ ಸಿಕ್ಕಿಸಿದಳು. “ಅಷ್ಟು ಅವಸರ ಏನಿತ್ತು?”

ಮನೆಯಾಕೆ ದನಿ ತಗ್ಗಿಸಿದಳು. “ದಿನಾ ಸಂಜೆ ನನ್ನ ಕಡೆಯಿಂದಲೇ ಆರಿಸಿ ಏಳ್ತೀನಿ ಮೇಡಂ. ಬೆಳಗ್ಗೆ ಆನ್ ಮಾಡಿದ್ರೆ ತಾನಾಗೇ ಅಕ್ಕನ ಕಡೆ ತೆರ್ಕೊಳ್ಳುತ್ತೆ. ಒಂದು ದಿನ ಅಲ್ಲ, ಎರಡು ದಿನ ಅಲ್ಲ.”

“ಕೊನೆಗೆ ಯಾವುದನ್ನ ಒತ್ತಿದ್ರೋ ಅದನ್ನ ಮೆನು ನೆನಪಿಟ್ಕೊಳ್ಳುತ್ತೆ, ಅಷ್ಟೇ,” ಎಂದಳು ರಿಪೇರಿಯವಳು. ಯಾರು ಒತ್ತಿರಬಹುದೆಂದು ಊಹಿಸಲು ಅವಳಿಗೆ ಕಷ್ಟವಾಗಲಿಲ್ಲ. ಇದು ದೆವ್ವವೂ ಅಲ್ಲ, ಭೂತವೂ ಅಲ್ಲ; ಗಂಡ. ಎಲ್ಲರೂ ಮಲಗಿದ ಮೇಲೆ ಹಳೆಯ ಹೆಂಡತಿಯ ನೆನಪು ತೆರೆದುಕೊಂಡು ಕೂರುವ ಪಾಪದ ಮನುಷ್ಯ. ಆದರೆ ಹೇಳಲಿಲ್ಲ. ಒಂದನ್ನು ರಿಪೇರಿ ಮಾಡಲು ಬಂದು ಇನ್ನೊಂದನ್ನು ಕೆಡಿಸಿ ಹೋಗುವುದು ಅವಳ ಪದ್ಧತಿಯಲ್ಲ.

ವಿಂಡೋಸಿಗೆ ಹೊಸದಾಗಿ ದಾರಿ ಮಾಡಿಕೊಟ್ಟು ಮತ್ತೆ ಚಾಲೂ ಮಾಡಿದಳು. ನೇರವಾಗಿ ತೆರೆಯಿತು. ಮನೆಯಾಕೆ ಉಸಿರು ಬಿಟ್ಟಳು. ಯಾವುದಕ್ಕೂ ಇರಲಿ ಎಂದು ಇನ್ನೊಮ್ಮೆ ಆರಿಸಿ ಹಚ್ಚಿದರೆ ಪರದೆಯ ಮೇಲೆ ಎರಡು ಹೆಸರು. ಮೇಲಿನದು ಅಕ್ಕನದು.

“ಗಾಬರಿ ಬೇಡ. ಮನೆ ಬಿದ್ದರೂ ಕಂಪ್ಯೂಟರ್ ಒಳಗಿನ ಬೋರ್ಡಿನ ನೆನಪಲ್ಲಿ ಹೆಸರು ಉಳ್ಕೊಂಡಿರುತ್ತೆ,” ಎನ್ನುತ್ತ ಅಳಿಸಿದಳು. ಮತ್ತೆ ಹಚ್ಚಿದಳು. ಹೆಸರು ಅಲ್ಲೇ ಇತ್ತು. “ಕೆಲವು ಬೋರ್ಡುಗಳು ಹೀಗೇ, ಮೊಂಡು,” ಎಂದಳು. ಈ ಸಲ ಮಾತು ಮನೆಯಾಕೆಗಿಂತ ತನಗೇ ಹೇಳಿಕೊಂಡಂತಿತ್ತು. ಮೂರನೆಯ ಪ್ರಯತ್ನಕ್ಕೆ ಹೆಸರು ಹೋಯಿತು. ಯಾರೋ ಕೊನೆಗೂ ಒಪ್ಪಿಕೊಂಡ ಹಾಗೆ. ಮನೆಯಾಕೆ ಕುರ್ಚಿಗೆ ಬಂದು ಕೂತು ತನ್ನ ಡಿಸೈನು ತೆರೆದಳು. ರಿಪೇರಿಯವಳು ಚೀಲದ ಜಿಪ್ ಎಳೆದಳು.

ಅಷ್ಟರಲ್ಲಿ, ಕಂಪ್ಯೂಟರ್ ಕೆಟ್ಟಿದ್ದನ್ನು ಫೋನಿನಲ್ಲಿ ಕೇಳಿದ್ದ ಗಂಡ ಊಟಕ್ಕೆಂದು ಬಂದ. “ಸರಿಹೋಯ್ತಾ?”

“ನನ್ನದು ಸರಿಹೋಯ್ತು. ಅಕ್ಕನ ಕಡೆ ತೆಗೆದುಬಿಟ್ಟೆ,” ಎಂದಳು ಹೆಂಡತಿ, ಪರದೆಯಿಂದ ಕಣ್ಣು ತೆಗೆಯದೆ.

ಅವನು ರೇಗಲಿಲ್ಲ. ಒಂದು ಕಾಲಿನ ಶೂ ಬಿಚ್ಚಿದವನು ಇನ್ನೊಂದನ್ನು ಬಿಚ್ಚುವುದನ್ನೇ ಮರೆತು ಬಾಗಿಲಲ್ಲಿ ನಿಂತ. “ಪೂರ್ತಿನಾ?”

“ಪೂರ್ತಿ. ದಿನಾ ಅದನ್ನ ತೆರೀತಿದ್ದೋರು ನೀವೇ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಅವಳ ಫೋಟೋ ನೋಡೋಕೆ ತಾನೆ?”

“ಫೋಟೋ ನೋಡೋಕಲ್ಲ.” ಅವನು ಹೆಂಡತಿಯನ್ನಲ್ಲ, ರಿಪೇರಿಯವಳನ್ನು ನೋಡುತ್ತ ಹೇಳಿದ, ಹೊರಗಿನವರಿಗಾದರೆ ಹೇಳುವುದು ಸುಲಭ ಎಂಬಂತೆ. “ಇವಳು ಬಂದ ಹೊಸದರಲ್ಲಿ, ಪಕ್ಕದಲ್ಲೇ ಹಾಸಿಗೆ ಮೇಲೆ ಯಾರೋ ಬಂದು ಕೂತ್ರು ಅಂತ ದಿನಾ ಬೆಚ್ಚಿ ಏಳೋಳು. ನಂಗೂ ಹಾಸಿಗೆ ಜಗ್ಗಿದ್ದು ಗೊತ್ತಾಗ್ತಿತ್ತು. ಒಂದು ದಿನ ಏನೋ ಹುಡುಕೋಕೆ ಇವಳ ಅಕ್ಕನ ಕಡೆ ತೆರೆದು, ಆರಿಸೋದು ಮರೆತು ಮಲಗಿದೆ. ಅವತ್ತು ಯಾರೂ ಬರಲಿಲ್ಲ. ಬೆಳಗ್ಗೆ ನೋಡಿದ್ರೆ, ಅವಳು ಅರ್ಧಕ್ಕೆ ಬಿಟ್ಟುಹೋಗಿದ್ದ ಪುಸ್ತಕದ ಟೈಪಿಂಗು ಒಂದು ಪುಟ ಮುಂದಕ್ಕೆ ಹೋಗಿತ್ತು. ಆವತ್ತಿಂದ ದಿನಾ ತೆರೆದಿಟ್ಟೇ ಮಲಗ್ತೀನಿ, ಇವಳು ಏಳೋ ಮುಂಚೆ ಆರಿಸ್ತೀನಿ. ಅವಳ ಪಾಡಿಗೆ ಅವಳು ಇಲ್ಲಿ ಕೂತಿರ್ತಾಳೆ.” ಅವನು ತಡೆದ. “ಇನ್ನೆಲ್ಲಿ ಕೂರ್ತಾಳೆ?”

ಹೊರಗೆ ಯಾರದೋ ಸ್ಕೂಟರ್ ಹಾದುಹೋಯಿತು. ಮನೆಯಾಕೆ ಕೀಬೋರ್ಡಿನ ಮೇಲಿಂದ ಕೈ ತೆಗೆದಳು. ಮೆಲ್ಲಗೆ, ಯಾರ ನಿದ್ದೆಯೂ ಕೆಡದಿರಲಿ ಎಂಬಂತೆ, ಎದ್ದು ನಿಂತಳು.

“ಮೇಡಂ, ಅಳಿಸಿದ್ದನ್ನ ವಾಪಸ್ ತರೋಕಾಗುತ್ತಾ?”

“ಅದರ ಮೇಲೆ ಬೇರೇನೂ ಬರೆದಿಲ್ಲ. ತರಬಹುದು.”

“ಹಾಗಿದ್ರೆ ತನ್ನಿ. ಸೋಪಿಂದು ಆಮೇಲೆ ನೋಡ್ಕೊಳ್ಳೋಣ.”

ಗಂಡಹೆಂಡತಿ ಗೋಡೆಗೆ ಒತ್ತಿ ನಿಂತರು. ಕುರ್ಚಿ ಖಾಲಿಯಿತ್ತು. ಕೆಲಸ ಸಂಜೆಯವರೆಗೂ ಹಿಡಿಯಿತು. ರಿಪೇರಿಯವಳು ಅಷ್ಟನ್ನೂ ನಿಂತುಕೊಂಡೇ ಮಾಡಿದಳು.